ನೂರಕ್ಕೆ ಎಪ್ಪತ್ತು ಮೌನ

ನಮ್ಮ ಕಡೆ ಯಾರನ್ನಾದರೂ "ಹೇಗುಂಟು?" ಎಂದು ಕೇಳಿ ನೋಡಿ, "ಹೀಗೆ ಉಂಟು" ಎನ್ನುತ್ತಾರೆ. ಪುತ್ತೂರಿನಿಂದ ಹೊರಟು ಸುಳ್ಯ ಸುತ್ತಿ ಕಡಬ ಮುಟ್ಟುವವರೆಗೆ ಎಷ್ಟು ಜನ ಸಿಕ್ಕರೂ, "ತುಂಬಾ ಚೆನ್ನಾಗಿದ್ದೇನೆ" ಎಂದು ಎದೆ ತಟ್ಟಿ ಹೇಳುವ ಒಬ್ಬ ಸಿಗುವುದಿಲ್ಲ. ಸಿಕ್ಕಿದರೆ ಅವನು ಪರವೂರಿನವನು, ಇಲ್ಲವೇ ಇನ್ಶೂರೆನ್ಸ್ ಮಾಡಿಸಲು ಬಂದವನು. ಕಾಳುಮೆಣಸಿನ ಬಳ್ಳಿ ಎಲೆ ಕಾಣದಷ್ಟು ಗೊಂಚಲು ಬಿಟ್ಟಿರುತ್ತದೆ, ಯಜಮಾನರನ್ನು ಕೇಳಿದರೆ "ಎಂತ ಉಂಟು, ಮನೆಯ ಸಾರಿಗೆ ಹಾಕ್ಲಿಕ್ಕೆ ಆದೀತು" ಎನ್ನುತ್ತಾರೆ. ಮಗಳು ಕಾಲೇಜಿಗೇ ಮೊದಲಿಗಳಾಗಿ ಬಂದಿರುತ್ತಾಳೆ, ತಾಯಿ "ಹೇಗೋ ಪಾಸಾಯ್ತು" ಎಂದು ಕೊಡೆ ಬಿಡಿಸಿಕೊಂಡು ಹೊರಡುತ್ತಾರೆ. ಇದು ಸುಳ್ಳಲ್ಲ, ವಿನಯವೂ ಅಲ್ಲ. ಬೆಲ್ಲದ ಡಬ್ಬಿಗೆ ಮುಚ್ಚಳ ಹಾಕಿಡುವ ಹಾಗೆ ಒಂದು ಮುಂಜಾಗ್ರತೆ. ಒಳ್ಳೆಯದನ್ನು ಬಾಯಿ ಬಿಟ್ಟು ಹೇಳಿದರೆ ಅದಕ್ಕೆ ಯಾರದಾದರೂ ಕಣ್ಣು ತಾಗುತ್ತದೆ. ಕಣ್ಣಿಗಿಂತಲೂ ಕೆಟ್ಟದಾಗಿ ಬಾಯಿ ತಾಗುತ್ತದೆ ಎಂದು ನಂಬಿದ ಜನ ನಾವು.

ಇಂಥ ಊರಿನಲ್ಲಿ, ಪ್ರತಿಯೊಬ್ಬರೂ ತಮ್ಮ ಗುರಿಯನ್ನು ಗಟ್ಟಿಯಾಗಿ ಹೇಳಿ, ಅದಕ್ಕೊಂದು ಸಂಖ್ಯೆ ಕಟ್ಟಿ, ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆದು, ವಾರಕ್ಕೊಮ್ಮೆ ತಮಗೆ ತಾವೇ ಅಂಕ ಕೊಟ್ಟುಕೊಳ್ಳುವ ಪದ್ಧತಿಯನ್ನು ತಂದು ಸ್ಥಾಪಿಸಿದ ಮಹಾನುಭಾವ ಇದನ್ನು ಬರೆಯುತ್ತಿರುವ ನಾನೇ.

ನನ್ನ ಪರಿಚಯ ಸ್ವಲ್ಪ ಹೇಳಬೇಕು. ಆಲಂಕಾರಿನಿಂದ ಕೊಯಿಲಕ್ಕೆ ಹೋಗುವ ದಾರಿಯಲ್ಲಿ ನಮ್ಮದೊಂದು ಹಾಳೆ ತಟ್ಟೆಯ ಘಟಕ ಇದೆ. ಘಟಕ ಎಂದರೆ ದೊಡ್ಡದೇನೂ ಅಲ್ಲ, ಮನೆಯ ಪಕ್ಕದ ಒಂದು ಶೆಡ್ಡು, ಕಾಲಲ್ಲಿ ತುಳಿದು ಒತ್ತುವ ಕೆಲವು ಮೆಷಿನುಗಳು, ಅಡಿಕೆ ಮರದಿಂದ ಕಳಚಿ ಬೀಳುವ ಹಾಳೆ ನೆನೆಹಾಕುವ ತೊಟ್ಟಿ, ಮತ್ತು ಕೆಲಸಕ್ಕೆ ಬರುವ ಸುತ್ತಮುತ್ತಲಿನ ಹೆಂಗಸರು. ನೆನೆದ ಹಾಳೆಯನ್ನು ತೊಳೆದು, ಬಿಸಿ ಅಚ್ಚಿನ ನಡುವೆ ಇಟ್ಟು ತುಳಿದರೆ ತಟ್ಟೆಯಾಗಿ ಎದ್ದು ಬರುತ್ತದೆ. ಅದರ ಅಂಚು ಕತ್ತರಿಸಿ, ಒರೆಸಿ, ಕಟ್ಟು ಕಟ್ಟಿದರೆ ಯಾವುದೋ ಮದುವೆಯ ಊಟಕ್ಕೆ ತಯಾರು. ಇವೆಲ್ಲವನ್ನೂ ನಡೆಸುವವಳು ನನ್ನ ಹೆಂಡತಿ ವನಜ. ನಾನು ಮಾಲಕ, ಎಂದರೆ ಮಾತಾಡುವ ವಿಭಾಗ ನನ್ನದು.

ಮಾತು ನನ್ನ ಪ್ರತಿಭೆ ಎಂದು ನಾನು ಬಹುಕಾಲ ತಿಳಿದಿದ್ದೆ. ಊರಿನವರ ಅಭಿಪ್ರಾಯ ಬೇರೆ ಇತ್ತು. ಬೆಳಿಗ್ಗೆ ನನಗೆ ಹೇಳಿದ ಗುಟ್ಟು ಮಧ್ಯಾಹ್ನದ ಗಂಜಿ ಊಟಕ್ಕೆ ಮೊದಲು ಕೊಯಿಲದ ಅಂಗಡಿ ಮುಟ್ಟುತ್ತದೆ ಎಂಬ ಖ್ಯಾತಿ ನನಗಿದೆ. ಅಷ್ಟೇ ಆಗಿದ್ದರೆ ಹೇಗೋ ಸಹಿಸುತ್ತಿದ್ದರೇನೋ. ಒಮ್ಮೆ ನೆರೆಮನೆಯ ಹಟ್ಟಿಯಲ್ಲಿ ಹೊಸ ಹಸುವನ್ನು ಕಂಡು, "ಅಬ್ಬ, ಇದೆಂಥ ಹಾಲು ಮಾರಾಯ್ರೆ, ಡೈರಿಯವರು ಇದಕ್ಕೇ ಒಂದು ಲಾರಿ ಇಡಬೇಕು!" ಎಂದುಬಿಟ್ಟೆ. ಮರುದಿನ ಹಸು ಒದೆಯಲು ಶುರು ಮಾಡಿತು. ಹಸುವಿಗೆ ಕೆಚ್ಚಲು ಬಾವು ಬಂದಿತ್ತು ಎಂದು ದನದ ಡಾಕ್ಟರು ಹೇಳಿದರೂ ಯಾರೂ ಒಪ್ಪಲಿಲ್ಲ. ಇವತ್ತಿಗೂ ನಾನು ಆ ದಾರಿಯಲ್ಲಿ ಹೋದರೆ ಹಟ್ಟಿಯ ಬಾಗಿಲು ಮೆಲ್ಲನೆ ಮುಚ್ಚಿಕೊಳ್ಳುತ್ತದೆ. ಒಳಗಿಂದ ಹಸು ಕೂಡ ಇಣುಕುವುದಿಲ್ಲ.

ಹೀಗಿರುವಾಗ ಪುತ್ತೂರಿನ ಒಂದು ಸಭಾಂಗಣದಲ್ಲಿ ಸಣ್ಣ ಉದ್ದಿಮೆಯವರಿಗೆ ತರಬೇತಿ ಇದೆ, ಬನ್ನಿ ಭಾವ ಎಂದು ರಾಜೇಶ ಫೋನು ಮಾಡಿದ. ರಾಜೇಶ ವನಜಳ ತಮ್ಮ, ಸುಳ್ಯದ ಒಂದು ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಕಲಿಸುವವನು. ಒಳ್ಳೆಯ ಹುಡುಗ, ಆದರೆ ತವರಿನ ಕಡೆಯವನಾದ್ದರಿಂದ ಅವನು ಏನು ಹೇಳಿದರೂ ವನಜಳ ಎದುರು ನಾನು ಅರ್ಧ ಮಾತ್ರ ಒಪ್ಪುವುದು ವಾಡಿಕೆ. ನಾವು ಮನೆಯಲ್ಲಿ ತುಳು ಆಡುವ ಪುತ್ತೂರು ಕಡೆಯ ಗೌಡರು, ಅವರು ಅರೆಭಾಷೆ ಆಡುವ ಸುಳ್ಯದ ಕಡೆಯವರು. ಮದುವೆಯಾಗಿ ಇಷ್ಟು ವರ್ಷವಾದರೂ ವನಜ ನನ್ನನ್ನು ಬೈಯುವಾಗ ಅರೆಭಾಷೆಗೆ ಹೋಗುತ್ತಾಳೆ, ಅಲ್ಲಿ ಅವಳಿಗೆ ದಾರಿ ಹೆಚ್ಚು ಗೊತ್ತು. ಇರಲಿ. ಆ ದಿನ ರಾಜೇಶ ಹೇಳಿಕೊಟ್ಟದ್ದು ಓಕೆಆರ್ ಎಂಬ ವಿದ್ಯೆ. ಮೊದಲು ಒಂದು ಗುರಿ ಇಟ್ಟುಕೊಳ್ಳಬೇಕು, ಕೇಳಿದರೆ ಎದೆ ಉಬ್ಬುವ ಹಾಗಿರಬೇಕು. ಅದರ ಕೆಳಗೆ, ಆ ಗುರಿ ಮುಟ್ಟಿದೆವೆಂದು ತಿಳಿಯಲು ಅಳೆದು ನೋಡಬಹುದಾದ ಮುಖ್ಯ ಫಲಿತಾಂಶಗಳು. ಮೇಲಿನವರದ್ದೂ ಕೆಳಗಿನವರದ್ದೂ ಎಲ್ಲರಿಗೂ ಕಾಣುವಂತೆ ಬರೆಯಬೇಕು. ಮೂರು ತಿಂಗಳಿಗೊಮ್ಮೆ ಹೊಸದು.

ನನಗೆ ಅತ್ಯಂತ ಹಿಡಿಸಿದ್ದು ಅಂಕದ ವಿಚಾರ. "ನೂರಕ್ಕೆ ನೂರು ಬಂದರೆ ಖುಷಿಪಡಬೇಡಿ" ಎಂದ ರಾಜೇಶ. "ಹಾಗೆ ಬಂದರೆ ನೀವು ಇಟ್ಟ ಗುರಿಯೇ ಸಣ್ಣದು ಅಂತ ಅರ್ಥ. ದೊಡ್ಡ ಗುರಿ ಇಟ್ಟು ಎಪ್ಪತ್ತು ತೆಗೆದವನೇ ಗಟ್ಟಿಗ." ಮೂವತ್ತೈದು ಅಂಕದ ಆಸುಪಾಸಿನಲ್ಲೇ ಶಾಲೆ ಮುಗಿಸಿದ ನನಗೆ ಕಣ್ಣು ತುಂಬಿ ಬಂತು. ಈ ವಿದ್ಯೆ ಮೊದಲೇ ಬಂದಿದ್ದರೆ ನನ್ನ ಅಪ್ಪ ಅಷ್ಟು ಬೆತ್ತ ಮುರಿಯಬೇಕಾಗಿರಲಿಲ್ಲ. ಊಟದ ಹೊತ್ತಿಗೆ ರಾಜೇಶ ಬಳಿಗೆ ಬಂದು, "ಭಾವ, ನೀವು ಇದನ್ನು ಸರಿಯಾಗಿ ಮಾಡಿ ತೋರಿಸಿದ್ರೆ, ಮುಂದಿನ ತರಬೇತಿಯಲ್ಲಿ ನಿಮ್ಮದೇ ಘಟಕದ ಫೋಟೊ ಪರದೆ ಮೇಲೆ ಹಾಕ್ತೇನೆ" ಎಂದ. ಬಸ್ಸಿನಲ್ಲಿ ಬರುವಾಗ ಆ ಫೋಟೊಕ್ಕೆ ಯಾವ ಅಂಗಿ ಹಾಕುವುದು ಎಂದು ಯೋಚಿಸುತ್ತ ಬಂದೆ.

ಶೆಡ್ಡಿನ ಗೋಡೆಗೆ ದೊಡ್ಡದೊಂದು ಬಿಳಿ ಬೋರ್ಡು ಬಂತು. ಮೇಲೆ ನಮ್ಮ ಗುರಿ ಬರೆದೆ: "ಉಂಡವರಿಗೆ ಎಸೆಯಲು ಮನಸ್ಸೇ ಬಾರದಂಥ ತಟ್ಟೆ ಮಾಡುವುದು." ನನಗೇ ರೋಮಾಂಚನವಾಯಿತು. ಹೆಂಗಸರೆಲ್ಲ ಕೈ ಒರೆಸಿಕೊಂಡು ಬಂದು ಓದಿದರು. ಗುಲಾಬಿಯಕ್ಕ, ಎಂದರೆ ನಮ್ಮಲ್ಲಿ ಎಲ್ಲರಿಗಿಂತ ಹಳಬರು, ಮೂಗಿನ ಮೇಲೆ ಕನ್ನಡಕ ಏರಿಸಿ ಎರಡು ಸಲ ಓದಿ ಕೇಳಿದರು: "ಎಸೆಯದಿದ್ರೆ ಮತ್ತೆ ನಮ್ಮ ತಟ್ಟೆ ಯಾರು ತೆಗೊಳ್ಳುದು ಅಣ್ಣ?"

ಇಂಥ ಅಡ್ಡಪ್ರಶ್ನೆಗಳಿಗೆ ಹೆದರಬಾರದೆಂದು ತರಬೇತಿಯಲ್ಲೇ ಹೇಳಿದ್ದರು. ನಾನು ಮುಂದುವರಿದೆ. "ಈಗ ಒಬ್ಬೊಬ್ಬರೇ ನಿಮ್ಮ ನಿಮ್ಮ ಫಲಿತಾಂಶ ಹೇಳಿ. ದಿನಕ್ಕೆ ಎಷ್ಟು ತಟ್ಟೆ ಒತ್ತುತ್ತೀರಿ, ಗುಲಾಬಿಯಕ್ಕ?"

"ಆಗುವಷ್ಟು."

"ಆಗುವಷ್ಟು ಅಂದರೆ ಎಷ್ಟು?"

"ಆದಷ್ಟು."

ಇನ್ನೊಬ್ಬಳು "ದೇವರು ಕೊಟ್ಟಷ್ಟು" ಎಂದಳು. ಮತ್ತೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದೆಂದು ತಿಳಿಯಲಿಲ್ಲ. ಕೊನೆಗೆ ನಾನೇ ಒಬ್ಬೊಬ್ಬರ ಹೆಸರಿನ ಮುಂದೆ ಒಂದೊಂದು ಸಂಖ್ಯೆ ಬರೆದೆ. ಎಲ್ಲಕ್ಕಿಂತ ದೊಡ್ಡ ಸಂಖ್ಯೆಯನ್ನು ಹರಿಣಾಕ್ಷಿಯ ಹೆಸರಿನ ಮುಂದೆ. ಏಕೆಂದರೆ ನಮ್ಮಲ್ಲಿ ಅವಳಷ್ಟು ಚುರುಕಾಗಿ ಮೆಷಿನು ತುಳಿಯುವವರು ಬೇರೆ ಇರಲಿಲ್ಲ. ಕೆಲವು ದಿನದಿಂದ ಅವಳು ಮೂಲೆಯಲ್ಲಿ ಕೂತು ತಟ್ಟೆ ಒರೆಸುವ ಕೆಲಸ ಮಾಡುತ್ತಿದ್ದಳು. ಏನೋ ಸೊಂಟ ನೋವು ಇರಬೇಕೆಂದು ನಾನು ಅಂದುಕೊಂಡಿದ್ದೆ. ಆ ಸಂಖ್ಯೆ ಬರೆದ ಕೂಡಲೇ ಶೆಡ್ಡಿನಲ್ಲಿ ಎಲ್ಲ ಮೆಷಿನುಗಳ ಸದ್ದೂ ನಿಂತಿತು. ಗುಲಾಬಿಯಕ್ಕ "ಚಾ ಕುಡಿಯುವ" ಎಂದರು. ಅದನ್ನು ನಾನು ಸರ್ವಾನುಮತದ ಒಪ್ಪಿಗೆ ಎಂದು ತಿಳಿದೆ.

ಆಗ ನನಗೆ ಗೊತ್ತಿಲ್ಲದ್ದನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ, ಗುಟ್ಟು ಇಟ್ಟುಕೊಳ್ಳುವುದು ನನಗೆ ಆಗದು ಎಂದು ಮೊದಲೇ ಹೇಳಿದ್ದೇನಲ್ಲ. ಹರಿಣಾಕ್ಷಿ ಬಸುರಿಯಾಗಿದ್ದಳು. ಮದುವೆಯಾಗಿ ಬಹಳ ವರ್ಷವಾಗಿತ್ತು, ಹಿಂದೆ ಎರಡು ಸಲ ಕೈಗೆ ಬಂದದ್ದು ಜಾರಿ ಹೋಗಿತ್ತು. ಈ ಸಲ ಪುತ್ತೂರಿನ ಡಾಕ್ಟರಮ್ಮ ಮೆಷಿನು ತುಳಿಯಬಾರದು, ನೆನೆದ ಹಾಳೆಯ ಕಟ್ಟು ಎತ್ತಬಾರದು ಎಂದಿದ್ದರು. ಮನೆಯಲ್ಲೇ ಇರು ಎಂದರೆ, ಒಬ್ಬಳೇ ಕೂತರೆ ಹೆದರಿಕೆಯಾಗುತ್ತದೆ ಎಂದು ಅವಳು ಕೆಲಸಕ್ಕೆ ಬರುತ್ತಿದ್ದಳು. ಹೆಂಗಸರೆಲ್ಲ ಸೇರಿ ಅವಳಿಗೆ ಕೂತು ಮಾಡುವ ಕೆಲಸ ಬಿಟ್ಟುಕೊಟ್ಟು, ಅವಳ ಪಾಲಿನ ತಟ್ಟೆಯನ್ನು ತಮ್ಮೊಳಗೆ ಹಂಚಿಕೊಂಡು ಒತ್ತುತ್ತಿದ್ದರು. ಇದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ವನಜಳಿಗೆ ಗೊತ್ತಿತ್ತು. ಅಂಗಳದ ನಾಯಿಗೂ ಗೊತ್ತಿದ್ದಿರಬಹುದು, ಅದು ಅವಳ ಕಾಲ ಬುಡದಲ್ಲೇ ಮಲಗುತ್ತಿತ್ತು. ಗೊತ್ತಿಲ್ಲದವನು ಮಾಲಕ ಒಬ್ಬನೇ.

ಪ್ರತಿ ಸೋಮವಾರ ಬೋರ್ಡಿನ ಎದುರು ಸಭೆ ಶುರುವಾಯಿತು. ಅವರವರ ಅಂಕವನ್ನು ಅವರವರೇ ಹೇಳಬೇಕು. ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ, "ಹೀಗೆ ಉಂಟು." ಹೀಗೆ ಉಂಟು ಎಂದರೆ ನೂರಕ್ಕೆ ಮೂವತ್ತು ಎಂದು ನಾನೇ ತೀರ್ಮಾನ ಮಾಡಿ ಬರೆದುಕೊಂಡೆ. ಮೆಷಿನನ್ನೇ ಮುಟ್ಟದ ಹರಿಣಾಕ್ಷಿಗೆ ಮಾತ್ರ ಸೊನ್ನೆ. ಬೋರ್ಡು ನೋಡಿದರೆ ನಾಳೆಯೇ ಘಟಕ ಮುಚ್ಚಬೇಕು, ಹಿಂದಿನ ಕೋಣೆಗೆ ಹೋದರೆ ತಟ್ಟೆಯ ಕಟ್ಟುಗಳ ನಡುವೆ ಕಾಲಿಡಲು ಜಾಗವಿಲ್ಲ! ಇಷ್ಟು ತಟ್ಟೆ ಒತ್ತಿದವರು ಯಾರು ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಒಬ್ಬಳು ಹೆಚ್ಚು ಎಂದು ಬರೆಸಿದರೆ ಇನ್ನೊಬ್ಬಳ ಸೊನ್ನೆ ಎದ್ದು ಕಾಣುತ್ತದೆಂದು ಎಲ್ಲರೂ ಬೇಕೆಂದೇ ತಗ್ಗಿ ನಿಂತಿದ್ದರು ಎಂಬುದು ನನ್ನ ಬುದ್ಧಿಗೆ ಎಟುಕಲಿಲ್ಲ. ಆದರೂ ಆ ಸೊನ್ನೆ ನನ್ನ ಕಣ್ಣಿಗೆ ಚುಚ್ಚುತ್ತಲೇ ಇತ್ತು.

ಒಂದು ಸೋಮವಾರ ನಾನು ಬಾಯಿ ಬಿಟ್ಟೆ. "ಹರಿಣಾಕ್ಷಿ, ನೀನು ಸೋಮಾರಿ ಅಲ್ಲ ಅಂತ ನನಗೆ ಗೊತ್ತುಂಟು. ಆದರೆ ಬೋರ್ಡಿಗೆ ಗೊತ್ತಿಲ್ಲ. ಇವತ್ತಿನಿಂದ ಪುನಃ ಮೆಷಿನಿಗೆ ಬಾ."

ಅವಳು ತಲೆ ತಗ್ಗಿಸಿ "ಆಯ್ತು ಅಣ್ಣ" ಎಂದಳು. ಮಡಿಲಲ್ಲಿದ್ದ ತಟ್ಟೆಗಳನ್ನು ಮೆಲ್ಲನೆ ಬದಿಗಿಟ್ಟು ಎದ್ದಳು. ಅಷ್ಟರಲ್ಲಿ ಗುಲಾಬಿಯಕ್ಕ ಹೋಗಿ ಹರಿಣಾಕ್ಷಿಯ ಮೆಷಿನಿನ ಸ್ಟೂಲಿನ ಮೇಲೆ ಕೂತೇಬಿಟ್ಟರು. "ಇದು ನನಗೆ ಬೇಕು. ನನ್ನ ಮೆಷಿನ್ ಕಿರಿಕಿರಿ ಮಾಡ್ತದೆ" ಎಂದರು. ಅವರ ಮೆಷಿನಿಗೆ ಹಿಂದಿನ ವಾರವಷ್ಟೇ ನಾನು ಎಣ್ಣೆ ಬಿಟ್ಟಿದ್ದೆ. ಹಾಗೆಂದು ಹೇಳಲು ಹೊರಡುವಾಗ ಬಾಗಿಲಲ್ಲಿ ವನಜ ಕಾಣಿಸಿದಳು. "ಸ್ವಲ್ಪ ಒಳಗೆ ಬನ್ನಿ ಮಾರಾಯ್ರೆ" ಎಂದಳು. ಮಾರಾಯ್ರೆ ಎನ್ನುವ ಶಬ್ದವನ್ನು ನಮ್ಮ ಕಡೆ ನೂರು ರೀತಿ ಹೇಳಬಹುದು. ಇದು ಅದರಲ್ಲಿ ಅತ್ಯಂತ ಅಪಾಯದ್ದು.

ಅಡುಗೆಮನೆಯಲ್ಲಿ ವನಜ ಒಲೆಯ ಮೇಲಿದ್ದ ಹಾಲನ್ನು ಇಳಿಸಿ, ಬಾಗಿಲು ಹಾಕಿ, ಅರೆಭಾಷೆಯಲ್ಲಿ ಶುರು ಮಾಡಿದವಳು, ನನ್ನ ಮುಖ ನೋಡಿ ಏನನ್ನಿಸಿತೋ, ಕನ್ನಡಕ್ಕೆ ಇಳಿದಳು. "ಅವಳಿಗೆ ದಿನ ಹೋಗಿದೆ. ಇನ್ನೂ ಹೊರಗೆ ಹೇಳ್ಲಿಕ್ಕೆ ಇಲ್ಲ. ಅವಳನ್ನು ನೀವು ಮೆಷಿನ್ ತುಳಿಯಲಿಕ್ಕೆ ಹೇಳುದಾ?"

ನಾನು ಅಕ್ಕಿ ಡ್ರಮ್ಮಿನ ಮೇಲೆ ಕುಸಿದು ಕೂತೆ. ಅವಳು ತಟ್ಟೆಯನ್ನು ಮೆಲ್ಲನೆ ಬದಿಗಿಟ್ಟು ಎದ್ದ ರೀತಿ ಕಣ್ಣ ಮುಂದೆ ಬಂತು. ಆಯ್ತು ಅಣ್ಣ ಎಂದಿದ್ದಳು. "ನನಗೆ ಒಂದು ಮಾತು ಹೇಳಬಾರದಿತ್ತಾ?" ಎಂದೆ.

"ನಿಮಗೆ ಹೇಳುದೂ ಒಂದೇ, ಪುತ್ತೂರು ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಹೇಳುದೂ ಒಂದೇ" ಎಂದಳು ವನಜ. ಮತ್ತೆ ಸ್ವರ ತಗ್ಗಿಸಿ ಹೇಳಿದಳು: "ಹೋದ ಸಲ ಚಿದಾನಂದ ಖುಷಿಯಲ್ಲಿ ರಿಕ್ಷಾ ಸ್ಟ್ಯಾಂಡಿನವರಿಗೆಲ್ಲ ಲಾಡು ಹಂಚಿದ್ದ. ಮತ್ತೆ ಹಾಗಾಯ್ತಲ್ಲ. ಗೊತ್ತಿಲ್ಲದವರು ದಾರಿಯಲ್ಲಿ ಸಿಕ್ಕಿದಾಗೆಲ್ಲ ಎಷ್ಟು ತಿಂಗಳಾಯ್ತು, ಎಷ್ಟು ತಿಂಗಳಾಯ್ತು ಅಂತ ಕೇಳುದು. ಅವಳು ಎಷ್ಟು ಜನಕ್ಕೆ ಹೇಳಬೇಕು, ಇಲ್ಲ ಅಂತ? ಕಣ್ಣು ತಾಗ್ತದಾ ಇಲ್ವಾ ನನಗೆ ಗೊತ್ತಿಲ್ಲ. ಪ್ರಶ್ನೆ ತಾಗ್ತದೆ."

ಚಿದಾನಂದ ಹರಿಣಾಕ್ಷಿಯ ಗಂಡ, ಆಲಂಕಾರಿನಲ್ಲಿ ರಿಕ್ಷಾ ಓಡಿಸುವವನು. ಇಷ್ಟು ವರ್ಷ ಬಾಯಿ ತಾಗುವುದು ಎಂಬ ಮಾತನ್ನು ತಮಾಷೆ ಮಾಡಿಕೊಂಡು ಬಂದವನು ನಾನು. ಅದರೊಳಗೆ ಇಂಥ ಒಂದು ಕರುಣೆ ಅಡಗಿದೆಯೆಂದು ಅಕ್ಕಿ ಡ್ರಮ್ಮಿನ ಮೇಲೆ ಕೂತಾಗಲೇ ತಿಳಿದದ್ದು. ನಾನು ಏನೋ ಹೇಳಲು ಬಾಯಿ ತೆರೆದೆ. ವನಜ ಕೈಯೆತ್ತಿ ತಡೆದಳು.

"ನಿಮಗೆ ಗುರಿ ಬೇಕಲ್ವಾ? ತೆಗೊಳ್ಳಿ. ನಿಮ್ಮ ಗುರಿ, ಸೀಮಂತದವರೆಗೆ ಬಾಯಿ ಮುಚ್ಚಿ ಕೂತುಕೊಳ್ಳುದು. ಸ್ಟ್ಯಾಂಡಿಗೆ ಗೊತ್ತಾಗಬಾರದು, ನನ್ನ ತಮ್ಮನಿಗೆ ಗೊತ್ತಾಗಬಾರದು, ನಿಮಗೆ ಗೊತ್ತುಂಟು ಅಂತ ಅವಳಿಗೂ ಗೊತ್ತಾಗಬಾರದು. ಮಾರ್ಕು ನಾನು ಕೊಡ್ತೇನೆ."

ಗುರಿ ದೊಡ್ಡದಾಗಿರಬೇಕು ಎಂದು ರಾಜೇಶ ಹೇಳಿದ್ದ. ಅವನ ಅಕ್ಕ ನನ್ನ ತೂಕಕ್ಕೆ ಮೀರಿದ್ದನ್ನೇ ಕೊಟ್ಟಳು.

ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟವೆಂದು ಹುಟ್ಟಿನಿಂದ ಮಿತಭಾಷಿಗಳಾದವರಿಗೆ ತಿಳಿಯುವುದಿಲ್ಲ. ಹೊಟ್ಟೆಯೊಳಗೆ ಒಂದು ಸಂತೋಷದ ಸುದ್ದಿ ಇಟ್ಟುಕೊಂಡು ಕ್ಷೌರದ ಅಂಗಡಿಯಲ್ಲಿ ಕೂತುನೋಡಿ. ಕತ್ತರಿಯ ಸದ್ದಿಗೇ ಮಾತು ಹೊರಗೆ ಬರುತ್ತದೆ. ನಾನು ಕ್ಷೌರವನ್ನೇ ಮುಂದೂಡಿದೆ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದವರು "ಮತ್ತೆ ಎಂತ ವಿಶೇಷ?" ಎಂದು ಕೇಳುವಾಗ ಬಾಯಿಗೆ ಹೋಳಿಗೆ ತುರುಕಿಕೊಂಡೆ. ಒಂದು ಕಡೆ ನಾಲ್ಕು ಹೋಳಿಗೆ ತಿನ್ನಬೇಕಾಗಿ ಬಂತು, ಏಕೆಂದರೆ ಅವರು ಬಿಡದೆ ಕೇಳುತ್ತಲೇ ಇದ್ದರು.

ಒಂದು ಸಂಜೆ ಪುತ್ತೂರಿನಿಂದ ಬಂದು ಇಳಿದಾಗ ಚಿದಾನಂದನ ರಿಕ್ಷಾವೇ ಸಿಕ್ಕಿತು. ಒಳಗೆ ಹರಿಣಾಕ್ಷಿ ಇರಲಿಲ್ಲ, ಆದರೂ ಅವನು ಅವಳು ಹಿಂದೆ ಕೂತಿದ್ದ ಹಾಗೆಯೇ ಓಡಿಸುತ್ತಿದ್ದ. ಒಂದೊಂದು ಗುಂಡಿಗೂ ಸುತ್ತು ಬಳಸಿ ಇಳಿಸಿ ಏರಿಸುತ್ತಿದ್ದ, ಅಭ್ಯಾಸ ತಪ್ಪಬಾರದೆಂದೇ ಇರಬೇಕು. ನನಗೆ ಅವನ ಬೆನ್ನು ತಟ್ಟಬೇಕೆನಿಸಿತು. ಎಲ್ಲ ಸರಿಯಾಗುತ್ತದೆ ಮಾರಾಯ ಎನ್ನಬೇಕೆನಿಸಿತು. ಹೇಳುವ ಹಾಗಿಲ್ಲ. ಕೊನೆಗೆ "ರಸ್ತೆ ಹೇಗುಂಟು ಚಿದಾನಂದ?" ಎಂದೆ.

"ಹೀಗೆ ಉಂಟು ಅಣ್ಣ" ಎಂದ. ಇನ್ನೊಂದು ಗುಂಡಿ ದಾಟಿಸಿ, "ನಿಧಾನ ಹೋದ್ರೆ ಆಗ್ತದೆ, ಅಲ್ವಾ?" ಎಂದು ಕೇಳಿದ.

"ಆಗ್ತದೆ. ಖಂಡಿತ ಆಗ್ತದೆ" ಎಂದೆ. ಮನೆಯವರೆಗೂ ನಾವಿಬ್ಬರು ಗುಂಡಿಗಳ ಬಗ್ಗೆಯೇ ಮಾತಾಡಿದೆವು. ಇಳಿಯುವಾಗ ನಾನು ಚಿಲ್ಲರೆಯನ್ನು ಎರಡೆರಡು ಸಲ ಎಣಿಸಿದೆ, ಅವನು ಕೂಡ ಕನ್ನಡಿಯನ್ನು ಸುಮ್ಮನೆ ಒರೆಸುತ್ತಿದ್ದ.

ಈ ನಡುವೆ ರಾಜೇಶ ಬಂದ, ನಮ್ಮ ಬೋರ್ಡು ನೋಡಿ ಪರದೆಗೆ ಫೋಟೊ ತೆಗೆಯಲು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿ ತಯಾರಾಗಿದ್ದೆ. ಹರಿಣಾಕ್ಷಿಯ ಸಾಲನ್ನು ಅಳಿಸಬೇಕೆಂದು ಹಿಂದಿನ ದಿನ ಯೋಚಿಸಿದ್ದೆ, ಅಳಿಸಿದರೆ ಯಾಕೆಂದು ಅವಳಿಗೆ ಸಂಶಯ ಬಂದೀತೆಂದು ಬಿಟ್ಟಿದ್ದೆ. ರಾಜೇಶನ ಕಣ್ಣು ನೇರ ಅಲ್ಲಿಗೇ ಹೋಯಿತು. "ಭಾವ, ಇದು ಯಾರದ್ದು, ವಾರ ವಾರ ಸೊನ್ನೆ?"

"ಅದು ಹಾಗೆಯೇ ಉಂಟು" ಎಂದೆ.

"ಸೊನ್ನೆ ಬಂದ್ರೆ ಬೈಲಿಕ್ಕೆ ಅಲ್ಲ ಭಾವ. ಅಡ್ಡಿ ಎಂತ ಅಂತ ಎಲ್ಲರೂ ಕೂತು ಮಾತಾಡ್ಬೇಕು, ಅದಕ್ಕೇ ಈ ಬೋರ್ಡು ಇರುದು." ಅವನು ಹರಿಣಾಕ್ಷಿಯ ಕಡೆ ತಿರುಗಿ, ಬಹಳ ಮೃದುವಾಗಿಯೇ ಕೇಳಿದ: "ಅಕ್ಕ, ನಿಮಗೆ ಎಂತ ತೊಂದರೆ ಆಗ್ತಾ ಉಂಟು? ಹೇಳಿ, ಸರಿ ಮಾಡುವ."

ಹರಿಣಾಕ್ಷಿ ಕೈಯಲ್ಲಿದ್ದ ತಟ್ಟೆಯನ್ನು ಒರೆಸುತ್ತಲೇ ಇದ್ದಳು, ಅದು ಆಗಲೇ ಹೊಳೆಯುತ್ತಿತ್ತು. ಅವಳ ಕಣ್ಣಲ್ಲಿ ನೀರು ತುಂಬುವುದು ಕಂಡಿತು. ಮೆಷಿನುಗಳು ನಿಂತವು. ಸತ್ಯ ನನ್ನ ನಾಲಗೆಯ ತುದಿಗೆ ಬಂದು ನಿಂತಿತ್ತು. ಒಂದೇ ವಾಕ್ಯ. ಹೇಳಿದ್ದರೆ ರಾಜೇಶ ಅಯ್ಯೋ ಎಂದು ಸುಮ್ಮನಾಗುತ್ತಿದ್ದ, ಬೋರ್ಡೂ ಉಳಿಯುತ್ತಿತ್ತು, ಫೋಟೊವೂ ಬರುತ್ತಿತ್ತು. ನಾನು ಆ ವಾಕ್ಯವನ್ನು ನುಂಗಿದೆ. ಜೀವಮಾನದಲ್ಲಿ ನಾನು ನುಂಗಿದ ಮೊದಲ ವಾಕ್ಯ ಅದು, ಹಾಗಲಕಾಯಿ ಗೊಜ್ಜಿನ ಹಾಗೆ ಇಳಿಯಿತು.

"ಆ ಸಂಖ್ಯೆ ಬರೆದದ್ದು ನಾನು. ಅವಳನ್ನು ಕೇಳದೆ ಬರೆದದ್ದು. ಅದು ಅವಳ ಗುರಿಯೇ ಅಲ್ಲ, ರಾಜೇಶ" ಎಂದೆ.

"ಮತ್ತೆ ಅವರ ಗುರಿ ಎಂತ?"

"ಅದು ಬೋರ್ಡಿಗೆ ಬರೆಯುವಂಥದ್ದಲ್ಲ."

"ಬೋರ್ಡಿಗೆ ಬರೆಯದ್ದು ಗುರಿಯೇ ಅಲ್ಲ ಭಾವ" ಎಂದು ರಾಜೇಶ ನಕ್ಕ.

ಗುಲಾಬಿಯಕ್ಕ ಸ್ಟೂಲಿನಿಂದಲೇ ಕೇಳಿದರು: "ಹಾಗಾದ್ರೆ ಮೊದಲು ನಿಮ್ಮದು ಬರೀರಿ ಸರ್. ಆ ಗುತ್ತಿಗಾರಿನ ಹುಡುಗಿಯದ್ದು ಮದುವೆ ಮಾತುಕತೆ ಎಲ್ಲಿಗೆ ಮುಟ್ಟಿತು?"

ರಾಜೇಶನ ಮುಖ ಕೆಂಪಾಯಿತು. ಆಚೀಚೆ ನೋಡಿ, ಕತ್ತು ತುರಿಸಿಕೊಂಡು, "ಅದು... ನೋಡುವ. ಎಂತದೂ ಗಟ್ಟಿಯಾಗ್ಲಿಲ್ಲ. ಈಗಲೇ ಹೇಳುದು ಬೇಡ" ಎಂದ. ಎಂದವನು ಹಾಗೆಯೇ ನಿಂತ. ಹೆಂಗಸರು ನಗಲು ಶುರು ಮಾಡಿದರು, ಹರಿಣಾಕ್ಷಿಯೂ ಕಣ್ಣೊರೆಸಿಕೊಂಡು ನಕ್ಕಳು. ರಾಜೇಶ ಬುದ್ಧಿವಂತ. ಅವನಿಗೆ ಎಷ್ಟು ತಿಳಿಯಿತೋ ನಾನು ಕೇಳಲಿಲ್ಲ. ಡಸ್ಟರು ತೆಗೆದು ಆ ಸಾಲನ್ನು ಅವನೇ ಅಳಿಸಿ, "ಭಾವ, ಇದು ಪರದೆಗೆ ಆಗ್ಲಿಕ್ಕಿಲ್ಲ" ಎಂದು ಫೋನನ್ನು ಕಿಸೆಗೆ ಹಾಕಿಕೊಂಡ.

ಇಷ್ಟು ಚೆನ್ನಾಗಿ ನಿಭಾಯಿಸಿದ ಹೆಮ್ಮೆಯಲ್ಲಿ ನಾನಿರುವಾಗ ಹರಿಣಾಕ್ಷಿ, "ಅಣ್ಣ, ನಿಮ್ಮ ಚಾ ತಣಿಯಿತು, ಬೇರೆ ತರ್ತೇನೆ" ಎಂದು ಏಳಲು ಹೋದಳು. "ನೀನು ಏಳಬೇಡ!" ಎಂದು ನಾನು ಚೀರಿದ ಚೀರಿಗೆ ಅಂಗಳದ ನಾಯಿ ಎದ್ದು ಓಡಿತು. ಹರಿಣಾಕ್ಷಿ ನನ್ನನ್ನೇ ಒಂದು ಗಳಿಗೆ ನೋಡಿ, ಮೆಲ್ಲನೆ ಕೂತು, ತಟ್ಟೆ ಒರೆಸುವುದನ್ನು ಮುಂದುವರಿಸಿದಳು. ಬಾಗಿಲಲ್ಲಿ ವನಜ ಹಣೆಗೆ ಕೈ ಹಚ್ಚಿಕೊಂಡಿದ್ದಳು.

ಸೀಮಂತದ ದಿನ ಬಂತು. ಹಸಿರು ಬಳೆ ತೊಟ್ಟು, ಮಲ್ಲಿಗೆ ಮುಡಿದು ಕೂತಿದ್ದ ಹರಿಣಾಕ್ಷಿಯ ಎದುರು ತರತರದ ತಿಂಡಿಗಳನ್ನು ಬಡಿಸಿದ್ದೆಲ್ಲ ನಮ್ಮದೇ ಹಾಳೆ ತಟ್ಟೆಗಳಲ್ಲಿ, ಗುಲಾಬಿಯಕ್ಕ ಆರಿಸಿ ತಂದದ್ದು. ಇನ್ನು ಹೇಳಬಹುದು ಎಂದು ನಾನು ಅಂಗಳಕ್ಕಿಳಿದು ರಿಕ್ಷಾ ಸ್ಟ್ಯಾಂಡಿನವರ ನಡುವೆ ನಿಂತು, ತಿಂಗಳುಗಟ್ಟಲೆ ಕಟ್ಟಿಟ್ಟದ್ದನ್ನು ಬಿಚ್ಚಿದೆ. "ನನಗೆ ಮೊದಲೇ ಗೊತ್ತಿತ್ತು. ಒಬ್ಬರಿಗೂ ಹೇಳಲಿಲ್ಲ ನೋಡಿ!"

"ನಮಗೂ ಗೊತ್ತಿತ್ತು" ಎಂದ ಒಬ್ಬ.

"ಯಾರು ಹೇಳಿದ್ದು?"

"ನೀವೇ. ನೀವು ಸ್ಟ್ಯಾಂಡಿಗೆ ಬಂದು ಎಂತದೂ ಮಾತಾಡದೆ ಹೋಗ್ಲಿಕ್ಕೆ ಶುರು ಮಾಡಿದ್ರಲ್ಲ. ನಿಮ್ಮ ಘಟಕದಲ್ಲಿ ಏನೋ ದೊಡ್ಡ ವಿಷಯ ಉಂಟು ಅಂತ ಆವತ್ತೇ ಗೊತ್ತಾಯ್ತು. ಮತ್ತೆ ಚಿದಾನಂದ ರಿಕ್ಷಾ ಓಡಿಸುದು ನೋಡಿದೆವು. ಯಾರೂ ಕೇಳ್ಬಾರದು ಅಂತ ನಮ್ಮೊಳಗೆ ಮಾತಾಯ್ತು."

ಇಡೀ ಸ್ಟ್ಯಾಂಡು, ಕ್ಷೌರದ ಅಂಗಡಿ, ಕೊಯಿಲದವರೆಗಿನ ಅಂಗಡಿಗಳು, ಎಲ್ಲರಿಗೂ ಗೊತ್ತಿತ್ತು. ಒಬ್ಬರೂ ಕೇಳಿರಲಿಲ್ಲ. ಯಾರೂ ಗೋಡೆಗೆ ಬರೆಯದ, ಯಾರೂ ಸಭೆ ಕರೆಯದ ಒಂದು ಗುರಿಯನ್ನು ಇಡೀ ಊರು ಸೇರಿ ಹೊತ್ತುಕೊಂಡು ಬಂದಿತ್ತು. ಆ ಅಂಗಳದಲ್ಲಿ ನಿಂತು ನನ್ನ ಊರಿನ ಮೇಲೆ ನನಗೆ ಬಂದಷ್ಟು ಪ್ರೀತಿ ಹಿಂದೆ ಯಾವತ್ತೂ ಬಂದಿರಲಿಲ್ಲ. ನನ್ನ ಮೌನದ ಮೇಲೆ ಇದ್ದ ಹೆಮ್ಮೆ ಮಾತ್ರ ಪೂರ್ತಿ ಇಳಿದುಹೋಯಿತು.

ಹೆರಿಗೆ ಪುತ್ತೂರಿನಲ್ಲಿ ಆಯಿತು. ನೋಡಲು ಹೋದಾಗ ವನಜ ನನ್ನನ್ನು ಬಾಗಿಲ ಬಳಿಯಲ್ಲೇ ನಿಲ್ಲಿಸಿ, ಆ ಹಸುವನ್ನು ನೆನಪಿಸಿ, ತೋಳು ಚಿವುಟಿ ಒಳಗೆ ಬಿಟ್ಟಳು. ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗುವಿನ ಕೆನ್ನೆಗೆ ಗುಲಾಬಿಯಕ್ಕ ಆಗಲೇ ದೊಡ್ಡದೊಂದು ಕಪ್ಪು ಬೊಟ್ಟು ಇಟ್ಟಿದ್ದರು. ನಾನು ಬಗ್ಗಿ ನೋಡಿದೆ. ನನಗೆ ಗೊತ್ತಿರುವ ಕನ್ನಡವೂ ತುಳುವೂ ಹೆಂಡತಿಯಿಂದ ಬೈಸಿ ಬೈಸಿ ಕಲಿತ ಅರೆಭಾಷೆಯೂ ಒಟ್ಟಿಗೆ ಗಂಟಲಿಗೆ ನುಗ್ಗಿದವು. ಎಲ್ಲವನ್ನೂ ಹಿಡಿದು ನಿಲ್ಲಿಸಿ, "ಪರವಾಗಿಲ್ಲ" ಎಂದೆ.

ಹರಿಣಾಕ್ಷಿ ಜೋರಾಗಿ ನಕ್ಕಳು. "ಅಣ್ಣ, ನಿಮಗೆ ಗೊತ್ತುಂಟು ಅಂತ ನೀವು ಚೀರಿದ ದಿನವೇ ನನಗೆ ಗೊತ್ತಾಯ್ತು" ಎಂದಳು. ಚಿದಾನಂದ ಗೋಡೆಯ ಕಡೆ ತಿರುಗಿ ನಿಂತು ಕಣ್ಣೊರೆಸಿಕೊಂಡ. ನಾನೂ ಅವನ ಪಕ್ಕದಲ್ಲೇ ಹೋಗಿ ಅದೇ ಗೋಡೆಯನ್ನು ನೋಡುತ್ತ ನಿಂತೆ.

ಮನೆಗೆ ಬರುವ ದಾರಿಯಲ್ಲಿ ವನಜ ನನ್ನ ಅಂಕ ಹೇಳಿದಳು. "ಎಪ್ಪತ್ತು. ಬಾಯಿಗೆ ನೂರು ಕೊಡಬಹುದಿತ್ತು, ನಿಮ್ಮ ಮುಖಕ್ಕೂ ಆ ಚೀರಾಟಕ್ಕೂ ಮೂವತ್ತು ಕಳೆದಿದ್ದೇನೆ." ರಾಜೇಶನ ಶಾಸ್ತ್ರದ ಪ್ರಕಾರ ಎಪ್ಪತ್ತು ಎಂದರೆ ಗಟ್ಟಿಗ. ಶೆಡ್ಡಿನ ಬೋರ್ಡಿನಲ್ಲಿ ಈಗ ಯಾರ ಹೆಸರೂ ಇಲ್ಲ. ಎಸೆಯಲು ಮನಸ್ಸು ಬಾರದ ತಟ್ಟೆಯ ಗುರಿ ಮೇಲೆ ಹಾಗೆಯೇ ಇದೆ, ಅದರ ಕೆಳಗೆ ಫಲಿತಾಂಶದ ಜಾಗದಲ್ಲಿ ಗುಲಾಬಿಯಕ್ಕನ ಅಕ್ಷರದಲ್ಲಿ "ಆದಷ್ಟು" ಎಂದಿದೆ. ಕೆಲಸ ಮೊದಲಿಗಿಂತ ಕಡಿಮೆಯೇನೂ ಆಗಿಲ್ಲ, ಆದರೆ ಹಾಗೆಂದು ನಾನು ಹೇಳಬಾರದು.

ಈಗ ಇದನ್ನೆಲ್ಲ ಕೂತು ಬರೆದು ಕಂಡಕಂಡವರ ಕೈಗೆ ಕೊಡುತ್ತಿರುವುದನ್ನು ವನಜ ನೋಡಿದರೆ ಆ ಎಪ್ಪತ್ತರಲ್ಲಿ ಎಷ್ಟು ಉಳಿಯುತ್ತದೋ ಗೊತ್ತಿಲ್ಲ. ಇದ್ದಷ್ಟನ್ನಾದರೂ ಉಳಿಸಿಕೊಳ್ಳಬೇಕು. ಹಾಗಾಗಿ, ಹೆಣ್ಣೋ ಗಂಡೋ, ಯಾರ ಹಾಗಿದೆ, ನಗುತ್ತದೆಯೇ ಎಂದೆಲ್ಲ ದಯವಿಟ್ಟು ಕೇಳಬೇಡಿ. ಮಗು ಹೀಗೆ ಉಂಟು.